ಎಡಗಡೆ ಕ್ರ್ಯಾಂಕ್ ನಾವು ಹಾಳು ಮಾಡಿದ್ದಲ್ಲ

ಇವರಿಗೆ,
ದೂರು ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ವಿಷಯ: ವ್ಯಾಯಾಮದ ಸೈಕಲ್‌ನ ಎಡಗಡೆ ಕ್ರ್ಯಾಂಕ್ (ಪೆಡಲ್ ಸಿಕ್ಕಿಸುವ ತೋಳು) ಸಡಿಲವಾಗಿರುವುದು, ಐದು ಸಲ ಫೋನ್ ಮಾಡಿದರೂ ಯಾರೂ ಬಂದು ನೋಡದೇ ಇರುವುದು, ಕೊನೆಗೆ ತಪ್ಪು ನಮ್ಮದೇ ಅಂತ ಬರೆದು ದೂರು ಮುಚ್ಚಿರುವುದು.

ನಮಸ್ಕಾರ.

ಮೇ 18ಕ್ಕೆ ನಿಮ್ಮ ವೆಬ್‌ಸೈಟ್‌ನಲ್ಲಿ 14,999 ರೂಪಾಯಿ ಕೊಟ್ಟು ಮನೆಯಲ್ಲೇ ತುಳಿಯುವ ಸೈಕಲ್ ತರಿಸಿದೆ. ಒಂದು ವರ್ಷದ ವಾರಂಟಿ ಇದೆ. ಮೇ 26ಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿಗೆ ಬಂತು. ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ, ಸೈಕಲ್ ಇರುವುದು ಊರಲ್ಲಿ, ತುಳಿಯುವುದು ನಮ್ಮಮ್ಮ.

ಇದನ್ನು ಯಾಕೆ ತರಿಸಿದೆವು ಅನ್ನುವುದು ನಿಮಗೆ ಗೊತ್ತಿರಬೇಕು. ಅಮ್ಮನಿಗೆ ಅರವತ್ಮೂರು ವರ್ಷ. ಮಾರ್ಚ್‌ನಲ್ಲಿ ಎಡಗಾಲಿನ ಮಂಡಿ ಬದಲಿಸುವ ಆಪರೇಷನ್ ಆಯಿತು. ದಿನಾ ಮಂಡಿ ಮಡಿಸಿ ಬಿಡಿಸಬೇಕು, ಇಲ್ಲದಿದ್ದರೆ ಬಿಗಿದುಕೊಳ್ಳುತ್ತದೆ, ಮನೆಯಲ್ಲಿ ಸೈಕಲ್ ಇದ್ದರೆ ಒಳ್ಳೆಯದು ಅಂತ ಫಿಸಿಯೋಥೆರಪಿಯವರು ಹೇಳಿದರು. ಹೊರಗೆ ನಡೆದಾಡಬಹುದಲ್ಲ ಅಂತ ನಿಮ್ಮ ಕಡೆಯವರೊಬ್ಬರು ಫೋನಿನಲ್ಲಿ ಕೇಳಿದ್ದರು. ಆಗುಂಬೆ ಕಡೆಯ ಮಳೆ ಅವರಿಗೆ ಗೊತ್ತಿಲ್ಲದೇ ಇರಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ, ನಮ್ಮೂರು ಅಲ್ಲಿಂದ ದೂರವೇನಿಲ್ಲ. ಆರಿದ್ರಾ ಮಳೆ ಹಿಡಿಯಿತು ಅಂದರೆ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿಕೊಂಡೇ ಓಡಾಡಬೇಕು. ಕಲ್ಲಿನ ಮೇಲೆಲ್ಲ ಪಾಚಿ. ತೋಟದ ದಾರಿಯಲ್ಲಿ ಉಂಬಳ, ಅಂದರೆ ಜಿಗಣೆ. ಗಟ್ಟಿ ಕಾಲಿನವರೇ ಜಾರಿ ಬೀಳುತ್ತಾರೆ, ಇನ್ನು ಹೊಸ ಮಂಡಿ ಹಾಕಿಸಿಕೊಂಡವರನ್ನು ಹೇಗೆ ಕಳಿಸುವುದು? ಅದಕ್ಕೇ ಮಳೆ ಶುರುವಾಗುವ ಮೊದಲೇ ಮನೆಗೆ ಬರಲಿ ಅಂತ ಮೇ ತಿಂಗಳಲ್ಲಿ ಆರ್ಡರ್ ಮಾಡಿದ್ದು.

ಆರ್ಡರ್ ಮಾಡುವಾಗ ನಮ್ಮ ಪಿನ್‌ಕೋಡ್ ಹಾಕಿದ್ದಕ್ಕೆ "ಡೆಲಿವರಿ ಇದೆ, ಜೋಡಿಸಿಕೊಡಲು ಜನ ಬರುತ್ತಾರೆ" ಅಂತ ತೋರಿಸಿತು. ಆ ಪರದೆಯ ಫೋಟೋ ನನ್ನ ಹತ್ತಿರ ಇದೆ. ಪೆಟ್ಟಿಗೆ ಬಂದ ಮಾರನೇ ದಿನ ಮೆಸೇಜ್ ಬಂತು: ನಿಮ್ಮ ಭಾಗದಲ್ಲಿ ಆ ಸೇವೆ ಇಲ್ಲ, ವಿಡಿಯೋ ನೋಡಿ ನೀವೇ ಜೋಡಿಸಿಕೊಳ್ಳಿ. ನಮ್ಮ ಮನೆಯಲ್ಲಿ ವಿಡಿಯೋ ಓಡುವಷ್ಟು ನೆಟ್‌ವರ್ಕ್ ಇಲ್ಲ. ನನ್ನ ತಮ್ಮ ಬಸ್ ನಿಲ್ಲುವ ಕ್ರಾಸಿನ ತನಕ ಹೋಗಿ ಡೌನ್‌ಲೋಡ್ ಮಾಡಿಕೊಂಡು ಬಂದು ಜೋಡಿಸಿದ.

ಅವನು ಜೋಡಿಸಿದ್ದು ಏನೇನು ಅಂತ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಈಗ ಜಗಳ ಇರುವುದೇ ಅದರ ಮೇಲೆ. ಮುಂದಿನ ಹಿಂದಿನ ಕಾಲುಗಳು, ಹ್ಯಾಂಡಲ್ ಕಂಬ, ಸೀಟು, ಮೀಟರು, ಎರಡು ಪೆಡಲ್. ಅಷ್ಟೇ. ಕ್ರ್ಯಾಂಕ್ ಎರಡೂ ಫ್ಯಾಕ್ಟರಿಯಿಂದಲೇ ಹಾಕಿಕೊಂಡು ಬಂದಿದ್ದವು, ನಟ್ಟಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ ಒತ್ತಿ ಕೂರಿಸಿತ್ತು. ಅದನ್ನು ಮುಟ್ಟಬೇಕು ಅಂತ ನಿಮ್ಮ ಪುಸ್ತಕದಲ್ಲೂ ಇಲ್ಲ, ವಿಡಿಯೋದಲ್ಲೂ ಇಲ್ಲ. ನಾವು ಮುಟ್ಟಲಿಲ್ಲ.

ಪೆಡಲ್ ವಿಷಯಕ್ಕೂ ಒಂದು ಮಾತು. ಎಡಗಡೆ ಪೆಡಲ್‌ಗೆ ಉಲ್ಟಾ ಥ್ರೆಡ್ ಇರುತ್ತದೆ, ಬಿಗಿ ಮಾಡಲು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಬೇಕು. ಇದು ಮಾಮೂಲಿ ಸೈಕಲ್ ರಿಪೇರಿ ಮಾಡಿದವರಿಗೆಲ್ಲ ಗೊತ್ತು. ನಮ್ಮ ತಮ್ಮನಿಗೂ ಗೊತ್ತಿತ್ತು, ಪುಣ್ಯ. ನಿಮ್ಮ ಪುಸ್ತಕದಲ್ಲಿ ಮಾತ್ರ ಎಡ ಬಲದ ಅಕ್ಷರ ಬಿಟ್ಟರೆ ಇದರ ಬಗ್ಗೆ ಒಂದು ಸಾಲೂ ಇಲ್ಲ. ಗೊತ್ತಿಲ್ಲದವರು ಜೋರು ಮಾಡಿ ಉಲ್ಟಾ ತಿರುಗಿಸಿದರೆ ಥ್ರೆಡ್ ಹೋಗೇ ಹೋಗುತ್ತದೆ, ಆಮೇಲೆ ಅದಕ್ಕೂ ಅವರೇ ಕಾರಣ ಅಂತ ಹೇಳುತ್ತೀರಿ ಅಲ್ವಾ?

ಮೊದಲ ವಾರ ಸಣ್ಣಪುಟ್ಟ ತೊಂದರೆ ಇತ್ತು. ಅದನ್ನೆಲ್ಲ ದೂರು ಅಂತ ಹೇಳುತ್ತಿಲ್ಲ, ನಾವೇ ಸರಿ ಮಾಡಿಕೊಂಡೆವು. ನಮ್ಮದು ಹಳೇ ಮನೆ, ರೆಡ್ ಆಕ್ಸೈಡ್ ನೆಲ ಒಂದೇ ಸಮ ಇಲ್ಲ, ಸೈಕಲ್ ಅಲುಗಾಡುತ್ತಿತ್ತು. ಹಿಂದಿನ ಕಾಲಿನ ಕೊನೆಯಲ್ಲಿರುವ ದುಂಡನೆ ಕ್ಯಾಪ್ ತಿರುಗಿಸಿ ಎತ್ತರ ಸರಿ ಮಾಡಿ, ಕೊಟ್ಟಿಗೆಗೆ ಅಂತ ತಂದಿದ್ದ ಹೊಸ ರಬ್ಬರ್ ಮ್ಯಾಟ್ ಅಡಿಗೆ ಹಾಕಿದ ಮೇಲೆ ನಿಂತಿತು. ಬಿಗಿ ಹೆಚ್ಚು ಕಮ್ಮಿ ಮಾಡುವ ನಾಬ್ ಒಂದರಿಂದ ಎಂಟರ ತನಕ ತಿರುಗಿಸಿದರೂ ಒಂದೇ ಥರ ಇತ್ತು. ನೋಡಿದರೆ ಕಂಬದೊಳಗಿನ ಕೇಬಲ್‌ನ ಕೊಕ್ಕೆ ಸರಿಯಾಗಿ ಕೂತಿರಲಿಲ್ಲ. ಕೇಬಲ್ ಎಳೆಯದಿದ್ದರೆ ಒಳಗಿನ ಮ್ಯಾಗ್ನೆಟ್ ಚಕ್ರದ ಹತ್ತಿರ ಸರಿಯುವುದಿಲ್ಲ, ಬಿಗಿ ಹೇಗೆ ಬರುತ್ತದೆ?

ಮೀಟರಿನದು ಬೇರೆ ಕಥೆ. ಅಮ್ಮ ತುಳಿಯುತ್ತಲೇ ಇದ್ದಾಳೆ, ವೇಗ ಸೊನ್ನೆ. ನಿಮಗೆ ಫೋನ್ ಮಾಡಿದರೆ ಸೆಲ್ ಬದಲಾಯಿಸಿ ಅಂದರು. ಬದಲಾಯಿಸಿದೆವು. ಮತ್ತೆ ಅದೇ ಮಾತು, ಬೇರೆ ಕಂಪನಿಯ ಸೆಲ್ ಹಾಕಿ ನೋಡಿ ಅಂತ. ಪರದೆಯಲ್ಲಿ ಅಂಕಿ ಢಾಳಾಗಿ ಕಾಣುತ್ತಿದೆ ಅಂದ ಮೇಲೆ ಸೆಲ್ ಸರಿಯಾಗೇ ಇದೆ. ವೇಗ ಲೆಕ್ಕ ಹಾಕುವುದು ಒಳಗೆ ತಿರುಗುವ ಒಂದು ಸಣ್ಣ ಮ್ಯಾಗ್ನೆಟ್, ಅದರ ಎದುರಿಗಿರುವ ಸೆನ್ಸರ್. ಅಲ್ಲಿಂದ ಮೀಟರಿಗೆ ಬರುವ ವೈರಿನ ಜಾಯಿಂಟ್ ಕಂಬದ ಬುಡದಲ್ಲಿದೆ. ಕಂಬದ ಬೋಲ್ಟ್ ಬಿಚ್ಚಿ ಜಾಯಿಂಟ್ ಗಟ್ಟಿಯಾಗಿ ಒತ್ತಿದ ಕೂಡಲೇ ಸರಿ ಹೋಯಿತು. ನಿಮ್ಮವರು "ವೈರ್ ಒಮ್ಮೆ ನೋಡಿ" ಅಂತ ಒಂದು ಮಾತು ಹೇಳಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು.

ಈಗ ನಿಜವಾದ ದೂರಿಗೆ ಬರುತ್ತೇನೆ.

ಜೂನ್ ಕೊನೆಯ ವಾರದಿಂದ ಎಡಗಡೆ ಟಕ್ ಟಕ್ ಅಂತ ಶಬ್ದ ಶುರುವಾಯಿತು. ಒಂದು ಸುತ್ತಿಗೆ ಒಂದು ಟಕ್. ಎಡಗಾಲು ಕೆಳಗೆ ಒತ್ತುವಾಗ ಮಾತ್ರ. ಜೂನ್ 28ಕ್ಕೆ ಫೋನ್ ಮಾಡಿದೆ, ಪೆಡಲ್ ಟೈಟ್ ಮಾಡಿ ಅಂದರು. ತಮ್ಮ 15ರ ಸ್ಪ್ಯಾನರ್ ಹಾಕಿ ನೋಡಿದ, ಪೆಡಲ್ ಬಿಗಿಯಾಗೇ ಇತ್ತು. ಜುಲೈ 3, 9, 15, 22, ನಾಲ್ಕೂ ಸಲ ಅದೇ ಉತ್ತರ. ಪ್ರತಿ ಸಲ ಬೇರೆಯವರು ಫೋನ್ ತೆಗೆಯುತ್ತಾರೆ, ಪ್ರತಿ ಸಲ ಮೊದಲಿನಿಂದ ಹೇಳಬೇಕು, ಹಿಂದಿನವರು ಬರೆದುಕೊಂಡಿದ್ದನ್ನು ಯಾರೂ ಓದಿರುವುದಿಲ್ಲ. ಫೋನ್ ತೆಗೆಯುವ ಹುಡುಗ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ, ಅವರ ಮುಂದೆ ಇರುವ ಕಾಗದದಲ್ಲಿ ಏನಿದೆಯೋ ಅದನ್ನೇ ಓದುತ್ತಾರೆ. ಆದರೆ ಟೆಕ್ನಿಶಿಯನ್ ಕಳಿಸಿ ಅಂತ ಕೇಳಿದಾಗೆಲ್ಲ ನಿಮ್ಮ ಪಿನ್‌ಕೋಡ್‌ಗೆ ಸೇವೆ ಇಲ್ಲ, ಶಿವಮೊಗ್ಗಕ್ಕೆ ತಂದರೆ ನೋಡಬಹುದು ಅಂದರು. ಮೂವತ್ತು ಕಿಲೋ ಸಾಮಾನನ್ನು ಜಡಿ ಮಳೆಯಲ್ಲಿ ಎಪ್ಪತ್ತೈದು ಕಿಲೋಮೀಟರ್ ಹೊತ್ತು ತರುವುದು ಹೇಗೆ? ಮಾರುವಾಗ ಇದ್ದ ಪಿನ್‌ಕೋಡ್ ರಿಪೇರಿಗೆ ಯಾಕೆ ಇಲ್ಲ?

ಜುಲೈ 24ರ ಬೆಳಿಗ್ಗೆ ಅಮ್ಮ ತುಳಿಯುತ್ತಿರುವಾಗ ಎಡಗಡೆ ಕ್ರ್ಯಾಂಕ್ ಒಮ್ಮೆಲೇ ಜಗ್ಗಿ ಕಾಲು ಪೆಡಲ್‌ನಿಂದ ಜಾರಿತು. ಆಪರೇಷನ್ ಆದ ಕಾಲೇ. ಅಪ್ಪ ಪಕ್ಕದಲ್ಲೇ ಜಗಲಿಯಲ್ಲಿ ಕೂತಿದ್ದರು, ಓಡಿ ಬಂದು ಹಿಡಿದುಕೊಂಡರು. ಬೀಳಲಿಲ್ಲ. ಎರಡು ದಿನ ಮಂಡಿ ಊದಿಕೊಂಡಿತ್ತು, ಐಸ್ ಇಟ್ಟೆವು, ಡಾಕ್ಟರಿಗೆ ತೋರಿಸಿದೆವು, ಏನೂ ಆಗಿಲ್ಲ ಅಂದರು. ಆದರೆ ಅವತ್ತಿನಿಂದ ಅಮ್ಮ ಅದರ ಮೇಲೆ ಹತ್ತುವುದಿಲ್ಲ. ಹತ್ತು ಅಂತ ಹೇಳಲು ನನಗೂ ಧೈರ್ಯ ಇಲ್ಲ.

ಜುಲೈ 27 ಭಾನುವಾರ ತೀರ್ಥಹಳ್ಳಿಯಿಂದ ಸೈಕಲ್ ರಿಪೇರಿಯವರನ್ನು ಕರೆದುಕೊಂಡು ಹೋದೆ. ಮೂವತ್ತು ವರ್ಷದಿಂದ ಅದೇ ಕೆಲಸ ಮಾಡಿದವರು. ಅವರು ಮೊದಲು ಏನೂ ಬಿಚ್ಚಲಿಲ್ಲ. ಎಡಗಡೆ ಕ್ರ್ಯಾಂಕ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿದರು, ಅಲ್ಲಾಡಿತು. ಬಲಗಡೆಯದು ಹಿಡಿದು ನೋಡಿದರು, ಅಲ್ಲಾಡಲಿಲ್ಲ. "ಎರಡೂ ಒಟ್ಟಿಗೆ ಅಲ್ಲಾಡಿದ್ರೆ ಒಳಗಿನ ಬೇರಿಂಗ್ ಹೋಗಿದೆ ಅಂತ. ಪೆಡಲ್ ಮಾತ್ರ ಅಲ್ಲಾಡಿದ್ರೆ ಪೆಡಲ್. ಇದು ಕ್ರ್ಯಾಂಕ್ ಒಂದೇ ಅಲ್ಲಾಡ್ತಿದೆ, ನಟ್ಟು ಸಡಿಲ ಆಗಿದೆ ಕಣಮ್ಮ" ಅಂದರು. ಒಂದು ನಿಮಿಷದಲ್ಲಿ! ಇದನ್ನೇ ನಿಮ್ಮವರು ಫೋನಿನಲ್ಲಿ ಕೇಳಿ ಮಾಡಿಸಬಹುದಿತ್ತು. ಕೈಯಿಂದ ಹಿಡಿದು ಅಲ್ಲಾಡಿಸಲು ಯಾವ ಸಾಮಾನೂ ಬೇಡ.

ಮುಚ್ಚಳ ತೆಗೆಯುವ ಮೊದಲಿನಿಂದ ಕೊನೆಯ ತನಕ ನಾನೇ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದೇನೆ. ಮುಚ್ಚಳದ ಅಡಿ ನಟ್ಟು ಬರೀ ಬೆರಳಿಗೆ ತಿರುಗುತ್ತಿತ್ತು. ಪೆಡಲ್ ಬಿಚ್ಚಿ ಥ್ರೆಡ್ ತೋರಿಸಿದರು, ಒಂದು ಗೀರೂ ಇಲ್ಲ, ಕೈಯಲ್ಲೇ ಸಲೀಸಾಗಿ ಹೋಗಿ ಕೂರುತ್ತದೆ. 14ರ ಸಾಕೆಟ್ ಹಾಕಿ ನಟ್ಟು ಬಿಗಿ ಮಾಡಿದರು. ಮೂರು ದಿನ ತಮ್ಮ ತುಳಿದು ನೋಡಿದ, ನಾಲ್ಕನೇ ದಿನ ಮತ್ತೆ ಟಕ್ ಟಕ್. ಯಾಕೆ ಅಂತ ಅವರು ಅವತ್ತೇ ಹೇಳಿದ್ದರು. ಕ್ರ್ಯಾಂಕ್ ಕೂರುವ ಆಕ್ಸಲ್‌ನ ತುದಿ ಚೌಕ, ಕ್ರ್ಯಾಂಕ್‌ನ ತೂತೂ ಚೌಕ. ನಟ್ಟು ಸಡಿಲ ಇರುವಾಗಲೇ ಒಂದು ತಿಂಗಳು ತುಳಿದರೆ ತೂತಿನ ಮೂಲೆ ತಿಂದು ದುಂಡಗಾಗುತ್ತದೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ, ಕ್ರ್ಯಾಂಕ್ ಬದಲಾಯಿಸಲೇಬೇಕು. ಅಂದರೆ ಜೂನ್ 28ರಂದೇ ನೀವು ನಟ್ಟು ಬಿಗಿ ಮಾಡಿ ಅಂತ ಹೇಳಿದ್ದರೆ ಒಂದು ಸ್ಪ್ಯಾನರಿನ ಕೆಲಸ. ಒಂದು ತಿಂಗಳು ಸುಮ್ನೆ ಪೆಡಲ್ ಪೆಡಲ್ ಅಂತ ಹೇಳಿಸಿಕೊಂಡು ತುಳಿದಿದ್ದಕ್ಕೆ ಭಾಗವೇ ಹಾಳಾಯಿತು.

ಈ ವಿಡಿಯೋ ಎಲ್ಲ ನಿಮಗೆ ಕಳಿಸಿದೆ. ಆಗಸ್ಟ್ 2ಕ್ಕೆ ಉತ್ತರ ಬಂತು. ಪೆಡಲ್ ತಪ್ಪಾಗಿ ಜೋಡಿಸಿದ್ದರಿಂದ ಥ್ರೆಡ್ ಹಾಳಾಗಿದೆ, ಮೇಲಾಗಿ ಹೊರಗಿನವರಿಂದ ಬಿಚ್ಚಿಸಿದ್ದೀರಿ, ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ, ದೂರು ಮುಚ್ಚಲಾಗಿದೆ.

ಈ ಸಾಲು ಓದಿ ನನಗೆ ತುಂಬಾ ಬೇಜಾರಾಯಿತು. ವಿಡಿಯೋ ಯಾರೂ ತೆರೆದು ನೋಡಿಲ್ಲ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ, ಯಾಕೆಂದರೆ ಪೆಡಲ್ ಥ್ರೆಡ್ ಚೆನ್ನಾಗಿರುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಾಳಾಗಿರುವುದು ಕ್ರ್ಯಾಂಕ್‌ನ ಚೌಕ ತೂತು. ಅದು ನೀವು ಹಾಕಿ ಕಳಿಸಿದ್ದು. ನಟ್ಟು ಬಿಗಿ ಮಾಡಬೇಕಾಗಿದ್ದವರೂ ನೀವೇ. ಮುಚ್ಚಳ ತೆಗೆದಿದ್ದು ತೊಂದರೆ ಶುರುವಾಗಿ ಒಂದು ತಿಂಗಳ ಮೇಲೆ, ನೀವು ಐದು ಸಲ ಬರುವುದಿಲ್ಲ ಅಂದ ಮೇಲೆ, ಅಮ್ಮನ ಕಾಲು ಜಾರಿದ ಮೇಲೆ. ನೀವೂ ಬರಲ್ಲ, ಬೇರೆಯವರೂ ಮುಟ್ಟಬಾರದು ಅಂದರೆ ಆ ವಾರಂಟಿಯಿಂದ ನಮಗೇನು ಉಪಯೋಗ? ನಮ್ಮ ತಮ್ಮ ಅಷ್ಟು ಜಾಗ್ರತೆಯಿಂದ ಒಂದೊಂದೇ ಬೋಲ್ಟ್ ನೋಡಿ ಜೋಡಿಸಿದ್ದ. ಈಗ ಅವನು "ನಂದೇ ತಪ್ಪಿರಬಹುದಾ ಅಕ್ಕ" ಅಂತ ಕೇಳುತ್ತಾನೆ. ಅದು ನನಗೆ ದುಡ್ಡಿಗಿಂತ ಜಾಸ್ತಿ ನೋವು.

ನಾನು ಕೇಳುವುದು ಇಷ್ಟು. ಹೊಸ ಎಡಗಡೆ ಕ್ರ್ಯಾಂಕ್, ಹೊಸ ನಟ್ಟು ಕೊಟ್ಟು ನಿಮ್ಮ ಟೆಕ್ನಿಶಿಯನ್ ನಮ್ಮ ಮನೆಗೇ ಬಂದು ಹಾಕಿಕೊಡಬೇಕು. ಆಕ್ಸಲ್‌ನ ಚೌಕ ತುದಿಯೂ ತಿಂದಿದೆಯಾ ಅಂತ ನೋಡಬೇಕು, ತಿಂದಿದ್ದರೆ ಬರೀ ಕ್ರ್ಯಾಂಕ್ ಹಾಕಿ ಹೋಗುವುದು ಬೇಡ, ಅದೂ ಬದಲಾಗಬೇಕು. ಬಲಗಡೆ ನಟ್ಟನ್ನೂ ಬಿಗಿ ಮಾಡಿ ತೋರಿಸಬೇಕು. ಹದಿನೈದು ದಿನದಲ್ಲಿ ಇದು ಆಗದಿದ್ದರೆ ಸೈಕಲ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ. ಮತ್ತೆ, ಬಳಸಿದವರ ತಪ್ಪು ಅಂತ ನನ್ನ ದೂರಿನ ಮೇಲೆ ಬರೆದಿರುವುದನ್ನು ತೆಗೆದು, ತೆಗೆದಿದ್ದೀರಿ ಅಂತ ಬರಹದಲ್ಲಿ ತಿಳಿಸಿ. ಇದನ್ನು ಬಿಡುವುದಿಲ್ಲ.

ಇನ್ನೊಂದು ವಿಷಯ, ಇದು ನನ್ನೊಬ್ಬಳಿಗೆ ಅಂತ ಅಲ್ಲ. ಪೆಟ್ಟಿಗೆಯಲ್ಲಿ ಕನ್ನಡದಲ್ಲಿ ಒಂದು ಹಾಳೆ ಹಾಕಿ. ಎಡ ಪೆಡಲ್ ಉಲ್ಟಾ ತಿರುಗುತ್ತದೆ, ಒಂದು ವಾರ ತುಳಿದ ಮೇಲೆ ಕ್ರ್ಯಾಂಕ್ ನಟ್ಟು ಒಮ್ಮೆ ಬಿಗಿ ಮಾಡಿ, ಶಬ್ದ ಬಂದರೆ ತುಳಿಯುವುದು ನಿಲ್ಲಿಸಿ, ವೇಗ ಸೊನ್ನೆ ತೋರಿಸಿದರೆ ವೈರ್ ಜಾಯಿಂಟ್ ನೋಡಿ. ನಾಲ್ಕೇ ಸಾಲು. ಈ ಸೈಕಲ್ ತರಿಸುವವರಲ್ಲಿ ಎಷ್ಟೋ ಜನ ಮಂಡಿ ನೋವಿನವರು, ವಯಸ್ಸಾದವರು. ಅವರಿಗೆ ಒಂದು ಸಡಿಲ ನಟ್ಟು ಸಣ್ಣ ವಿಷಯ ಅಲ್ಲ.

ಕಾನೂನು ಹೇಳಿ ಹೆದರಿಸುವ ಆಸೆ ನನಗಿಲ್ಲ, ಆದರೆ ತಿಳಿದುಕೊಂಡಿದ್ದೇನೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಮೊದಲ ಫೋನ್ ಮಾಡಿ ಒಂದು ತಿಂಗಳು ದಾಟಿ ಹೋಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾನು ವಾಸ ಇರುವ ಕಡೆಯೇ ದೂರು ಕೊಡಬಹುದು, ನಿಮ್ಮ ಆಫೀಸು ಇರುವ ಊರಿಗೆ ಅಲೆಯಬೇಕಾಗಿಲ್ಲ. ಶಿವಮೊಗ್ಗದಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷ ರೂಪಾಯಿ ತನಕದ ದೂರಿಗೆ ಶುಲ್ಕವೂ ಇಲ್ಲ. ಹದಿನೈದು ದಿನ ಕಾದು ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಆಮೇಲೆ ಆಯೋಗಕ್ಕೆ ಹೋಗುತ್ತೇನೆ.

ಬಿಲ್ಲು, ಪಿನ್‌ಕೋಡ್ ಪರದೆಯ ಫೋಟೋ, ಐದು ಫೋನಿನ ದೂರು ಸಂಖ್ಯೆ, ಜುಲೈ 27ರ ವಿಡಿಯೋ, ಡಾಕ್ಟರ ಚೀಟಿ ಎಲ್ಲ ಮತ್ತೊಮ್ಮೆ ಇದರ ಜೊತೆ ಕಳಿಸಿದ್ದೇನೆ. ದಯವಿಟ್ಟು ಈ ಸಲ ವಿಡಿಯೋ ತೆರೆದು ನೋಡಿ, ಆರನೇ ನಿಮಿಷದಲ್ಲಿ ನಟ್ಟು ಬೆರಳಿಗೆ ತಿರುಗುವುದು ಕಾಣುತ್ತದೆ.

ಅಮ್ಮನನ್ನು ಸೆಪ್ಟೆಂಬರ್ 12ಕ್ಕೆ ಮತ್ತೆ ಆಸ್ಪತ್ರೆಗೆ ತೋರಿಸಬೇಕು. ಮಂಡಿ ಎಷ್ಟು ಮಡಚುತ್ತದೆ ಅಂತ ಅವತ್ತು ಅಳತೆ ಮಾಡುತ್ತಾರೆ. ಅಷ್ಟರೊಳಗೆ ಎರಡು ವಾರವಾದರೂ ಅವಳು ಹೆದರದೆ ತುಳಿಯಬೇಕು. ಟೆಕ್ನಿಶಿಯನ್ ಬರುವ ಹಿಂದಿನ ದಿನ ನನಗೆ ಫೋನ್ ಮಾಡಿಸಿ. ಊರಿನ ನಂಬರಿಗೆ ಮಾಡಿದರೆ ಸಿಗುವುದಿಲ್ಲ. ಅವರು ಕ್ರಾಸಿನಲ್ಲಿ ಬಸ್ ಇಳಿದರೆ ಸಾಕು, ನನ್ನ ತಮ್ಮ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಾನೆ.

ಇಂತಿ,
ನಿಮ್ಮ ಗ್ರಾಹಕಿ,
ಶಿವಮೊಗ್ಗ
ಆಗಸ್ಟ್ 9