ಕಾಫಿ ಬೆಲೆ ಆಶೀರ್ವಾದವಾದರೆ, ಕೊಯ್ಯುವವರ ಕೂಲಿ?

ಮಾನ್ಯ ಸಂಪಾದಕರೇ,

ಹೋದ ಡಿಸೆಂಬರಿನಲ್ಲಿ ನಮ್ಮೂರ ಹತ್ತಿರ ನಡೆದ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿದ್ದೆ. ಪಕ್ಕದ ಮನೆಯ ಅಕ್ಕ ಕರೆದರು ಅಂತ ಹೋದದ್ದು. ಹೊರಗಿನಿಂದ ಬಂದಿದ್ದ ಬೋಧಕರು ಎರಡು ಗಂಟೆ ಮಾತಾಡಿದರು. ಕಾಫಿಗೆ ಒಳ್ಳೆ ಬೆಲೆ ಬಂದದ್ದು ದೇವರ ಆಶೀರ್ವಾದ, ಇನ್ನೂ ಸಾಲದಲ್ಲಿರುವವರ ವಿಶ್ವಾಸದಲ್ಲಿ ಕೊರತೆ ಇದೆ, ಇವತ್ತು ಕೊಟ್ಟದ್ದು ನೂರು ಪಟ್ಟಾಗಿ ತಿರುಗಿ ಬರುತ್ತದೆ ಎಂದರು. ಬಡ ವಿಧವೆ ತನ್ನಲ್ಲಿದ್ದ ಎರಡು ಕಾಸನ್ನೂ ಹಾಕಿದ ಕಥೆ ಹೇಳಿದರು. ಆಮೇಲೆ ಕಾಣಿಕೆ ಡಬ್ಬಿ ಬಂತು. ಗಂಡ ತೀರಿಕೊಂಡ ಮೇಲೆ ಒಂದೂವರೆ ಎಕರೆ ತೋಟ ನಂಬಿಕೊಂಡು ಮಗಳನ್ನು ಓದಿಸುತ್ತಿರುವ ಆ ಅಕ್ಕ ಕೈಬಳೆ ಬಿಚ್ಚಿ ಹಾಕಿದರು. ನಾನು ಪಕ್ಕದಲ್ಲೇ ಕೂತಿದ್ದೆ, ತಡೆಯಲಿಲ್ಲ. ಇವತ್ತಿಗೂ ಅದು ಮನಸ್ಸನ್ನು ಚುಚ್ಚುತ್ತದೆ.

ಮನೆಗೆ ಬಂದು ಮಾರ್ಕನ ಸುವಾರ್ತೆಯ 12ನೇ ಅಧ್ಯಾಯ ತೆಗೆದು ಓದಿದೆ. ವಿಧವೆಯ ಕಾಸಿನ ಕಥೆಗೆ ಸ್ವಲ್ಪ ಮೇಲೆಯೇ ಯೇಸು ಇನ್ನೊಂದು ಮಾತು ಹೇಳಿದ್ದಾರೆ. ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆ ನುಂಗುವವರ ಬಗ್ಗೆ ಎಚ್ಚರವಾಗಿರಿ ಅಂತ. ಬೋಧಕರು ಆ ಸಾಲುಗಳನ್ನು ಓದಲಿಲ್ಲ.

ಬೆಲೆಯ ವಿಷಯವನ್ನೇ ನೋಡೋಣ. ಕೆಲವೇ ವರ್ಷಗಳ ಹಿಂದೆ ರೊಬಸ್ಟಾ ಚೆರ್ರಿಗೆ, ಅಂದರೆ ಒಣಗಿಸಿದ ರೊಬಸ್ಟಾ ಕಾಫಿ ಹಣ್ಣಿಗೆ, 50 ಕೆ.ಜಿ. ಚೀಲಕ್ಕೆ ನಾಲ್ಕು ಸಾವಿರ ಸಿಕ್ಕರೆ ದೊಡ್ಡದು. 2024ರಲ್ಲಿ ಅದು ಹತ್ತು ಸಾವಿರ ಮುಟ್ಟಿತು. ಯಾಕೆ? ವಿಯೆಟ್ನಾಮಿನಲ್ಲಿ, ಬ್ರೆಜಿಲಿನಲ್ಲಿ ಬರ ಬಂದು ಅಲ್ಲಿ ಬೆಳೆ ಕಡಿಮೆಯಾಯಿತು. ಬ್ರೆಜಿಲಿನಲ್ಲಿ ಕ್ರೈಸ್ತರೇ ಜಾಸ್ತಿ. ಒಣಗಿದ ಗಿಡದ ಕೆಳಗೆ ನಿಂತು ಅವರೂ ಪ್ರಾರ್ಥನೆ ಮಾಡಿರುತ್ತಾರೆ ಅಲ್ವಾ? ದೇವರು ಅವರ ತೋಟ ಒಣಗಿಸಿ ನಮ್ಮ ಜೇಬು ತುಂಬಿಸಿದರು ಅಂತ ನಂಬಲು ನನ್ನಿಂದ ಆಗುವುದಿಲ್ಲ. ನಾಳೆ ಅಲ್ಲಿ ಒಳ್ಳೆ ಮಳೆಯಾಗಿ ಇಲ್ಲಿ ಬೆಲೆ ಬಿದ್ದರೆ ಏನು ಹೇಳುವುದು? ನಮ್ಮ ವಿಶ್ವಾಸ ಕಡಿಮೆಯಾಯಿತು ಎನ್ನುವುದೇ?

ದುಡ್ಡು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಾಫಿ ಹೂ ಅರಳಿಸುವ ಮಳೆ ಕೈಕೊಟ್ಟ ವರ್ಷ, 2018ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದ ವರ್ಷ, ದುಡ್ಡಿಲ್ಲದ ಕಷ್ಟ ಏನು ಅಂತ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಲೆ ಬಂದಾಗ ನಾವು ಹೇಗೆ ನಡೆದುಕೊಂಡೆವು ಅನ್ನುವುದು ನನ್ನ ಚಿಂತೆ.

ನನ್ನದೇ ಹೇಳುತ್ತೇನೆ. ಚೀಲದ ಬೆಲೆ ಎರಡು ಪಟ್ಟಿಗೂ ಮೇಲೆ ಹೋದ ವರ್ಷ ನಾನು ಕೊಯ್ಲಿನ ಕೂಲಿ ಏರಿಸಿದ್ದು ಕೆ.ಜಿ.ಗೆ 50 ಪೈಸೆ. ಅದೇ ವರ್ಷ ಕಣ ದೊಡ್ಡದು ಮಾಡಿಸಿದೆ, ಹೊಸ ಗೋಡೌನ್ ಕಟ್ಟಿಸಿದೆ. ಲೂಕನ ಸುವಾರ್ತೆಯಲ್ಲಿ ಬೆಳೆ ಜಾಸ್ತಿ ಬಂತೆಂದು ಹಳೇ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಶ್ರೀಮಂತನ ಕಥೆಯಿದೆ. ಅದನ್ನು ಎಷ್ಟೋ ಸಲ ಕೇಳಿದ್ದೆ. ಅದು ನನ್ನ ಕಥೆ ಅಂತ ಹೊಳೆದಿರಲಿಲ್ಲ. ಯಾಕೋಬನ ಪತ್ರದ 5ನೇ ಅಧ್ಯಾಯವಂತೂ ಕೊಡಗಿಗೇ ಬರೆದ ಹಾಗಿದೆ. ಹೊಲ ಕೊಯ್ದವರಿಂದ ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎನ್ನುತ್ತದೆ ಅದು. ತೋಟದ ಕೂಲಿಯವರಿಗೆಂದು ಕಟ್ಟಿದ ನಮ್ಮ ಲೈನ್‌ಮನೆಗಳಲ್ಲಿ ಆದಿವಾಸಿ ಎರವರ ಕುಟುಂಬಗಳಿವೆ, ಅಸ್ಸಾಮಿನಿಂದ ಬಂದವರಿದ್ದಾರೆ. ಹಣ್ಣು ಕೊಯ್ದು ಚೀಲ ತುಂಬಿಸುವವರು ಅವರು. ಆಶೀರ್ವಾದ ನಮ್ಮ ಗೇಟಿನ ತನಕ ಬಂದು ಅವರ ಬಾಗಿಲಿಗೆ ಹೋಗದೆ ನಿಂತರೆ ಅದನ್ನು ಆಶೀರ್ವಾದ ಅನ್ನಲು ಬಾಯಿ ಬರುತ್ತದೆಯೇ?

ಕೊಡಗಿನ ಕ್ರೈಸ್ತರು ದುಡ್ಡು ಕಟ್ಟಿಕೊಂಡು ಇಲ್ಲಿಗೆ ಬಂದವರಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬರಿಗೈಯಲ್ಲಿ ಬಂದ ಕೊಂಕಣಿ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಅರಸರು ವಿರಾಜಪೇಟೆಯಲ್ಲಿ ಜಾಗ ಕೊಟ್ಟರು. 1792ರಲ್ಲಿ ಅಲ್ಲಿ ಸಂತ ಅನ್ನಮ್ಮನ ಚರ್ಚ್ ಆಯಿತು. ಬೇರೆ ಧರ್ಮದ ಅರಸ ತನ್ನ ನೆಲ ಹಂಚಿಕೊಂಡದ್ದರಿಂದ ಬದುಕಿದವರು ನಾವು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಶುರು ಮಾಡಿದ ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ ಆಮೇಲೆ ಕೊಡಗಿಗೆ ಬಂದರು. ಅವರು ಆನಂದಪುರದಲ್ಲಿ ನೆಲೆ ಮಾಡಿಕೊಟ್ಟದ್ದು ಜೀತದಲ್ಲಿದ್ದ ಹೊಲೆಯ ಸಮುದಾಯದವರಿಗೆ.

ಫಾದರ್‌ಗಳಲ್ಲಿ, ಪಾಸ್ಟರ್‌ಗಳಲ್ಲಿ ನನ್ನದೊಂದು ಬೇಡಿಕೆ. ಕೊಯ್ಲು ಶುರುವಾಗುವ ಮುಂಚೆ ಒಂದು ಭಾನುವಾರ ಕೂಲಿಯ ಬಗ್ಗೆ ಮಾತಾಡಿ. ಎದುರಿಗೆ ತೋಟದ ಮಾಲೀಕರು ಕೂತಿದ್ದಾರೆ ಅಂತ ಅಂಜಬೇಡಿ. ಕಾಣಿಕೆಯ ಲೆಕ್ಕವನ್ನು ಚರ್ಚಿನ ಬಾಗಿಲಲ್ಲಿ ಹಾಕಿ. ಊರೂರು ಸುತ್ತುವ ಕೂಟಗಳವರನ್ನೂ ಲೆಕ್ಕ ಕೇಳೋಣ. ಕೊಯ್ಲು ಮುಗಿದ ಮೇಲೆ ಕೃತಜ್ಞತೆಯ ಪೂಜೆ ಇಡಿಸುವ ಮನೆಗಳವರು ಮೊದಲು ಲೈನ್‌ಮನೆಯ ಬಾಕಿ ಚುಕ್ತಾ ಮಾಡಲಿ. ಈ ಸಲ ನಮ್ಮ ಮನೆಯಲ್ಲಿ ಕೂಲಿ ಏರಿಸಿದ್ದೇವೆ. ಹಿಂದಿನ ಕೊಯ್ಲಿಗೆ ಕಡಿಮೆ ಕೊಟ್ಟದ್ದನ್ನೂ ಲೆಕ್ಕ ಹಾಕಿ ಕೊಡುತ್ತಿದ್ದೇವೆ.

ಇತಿ,
ಒಬ್ಬ ಕಾಫಿ ಬೆಳೆಗಾರ್ತಿ
ವಿರಾಜಪೇಟೆ ತಾಲ್ಲೂಕು, ಕೊಡಗು