ಹಿರೋಸಾಕಿಯಿಂದ ಮರಳಿ ಬಂದೆ, ಒಂದು ಋಣ ಹೇಳಬೇಕು

ಹತ್ತು ತಿಂಗಳ ಮೇಲೆ ಧಾರವಾಡಕ್ಕೆ ಬಂದಿದ್ದೇನೆ. ಜಪಾನಿನಲ್ಲಿ ಹಿಡಿದ ಕಸೂತಿಯ ಕೆಲಸ ಮುಗಿದಿದೆ, ಆರು ಮೊಳದ ಬಟ್ಟೆ ನನ್ನ ಜೊತೆಗೇ ಬಂದಿದೆ. ಅವ್ವ ಹೋದದ್ದು, ನನಗೆ ಬರಲಾಗದ್ದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಹೇಳುವುದಿಲ್ಲ.

ಅವ್ವನ ಹಾಸಿಗೆ ಬಿಟ್ಟು ಕದಲದ ತಮ್ಮ ಮತ್ತು ಅವನ ಹೆಂಡತಿ, ಶಿವಗಣಾರಾಧನೆಯ ಅಡಿಗೆ ಹೊತ್ತುಕೊಂಡ ಮದಿಹಾಳದ ಓಣಿಯವರು, ವೀಸಾ ಕಾಗದಕ್ಕೆ ಓಡಾಡಿದ ಹುಬ್ಬಳ್ಳಿಯ ಗೆಳತಿಯರು, ನನ್ನನ್ನು ಕರೆಸಿಕೊಂಡು ಜಾಗ ಕೊಟ್ಟ ಹಿರೋಸಾಕಿಯ ಕಲಾವಿದರು, ನಿಮಗೆಲ್ಲ ಶರಣು.

ಇನ್ನು ಒಬಾಚಾನ್. ಅಲ್ಲಿ ಅಜ್ಜಿಗೆ ಹಾಗೆ ಅನ್ನುತ್ತಾರೆ. ನಾನು ಬಾಡಿಗೆಗಿದ್ದ ಮನೆಯ ಒಡತಿ, ವಯಸ್ಸು 81. ಮೊದಲ ದಿನ ನನ್ನ ಕಸೂತಿಯ ತುಂಡನ್ನು ಕೈಗೆ ಕೊಟ್ಟಾಗ ಅವರು ಮೊದಲು ಮಾಡಿದ ಕೆಲಸ, ಅದನ್ನು ತಿರುವಿ ಹಿಂಬದಿ ನೋಡಿದ್ದು. ಗಂಟಿಲ್ಲ, ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಇದೆ ಎಂದು ಕಂಡಮೇಲೆ ನನ್ನ ಮುಖ ನೋಡಿ ತಲೆಬಾಗಿದರು.

ಅವರ ಕೈಯಲ್ಲಿದ್ದದ್ದು ಕೋಗಿನ್, ಅಲ್ಲಿಯ ಎಳೆ ಎಣಿಸಿ ಹಾಕುವ ಕಸೂತಿ. ಹದಿನೇಳರಿಂದ ಹತ್ತೊಂಬತ್ತನೇ ಶತಮಾನದವರೆಗಿನ ಎದೋ ಕಾಲದಲ್ಲಿ, ಹಿರೋಸಾಕಿಯ ಸುತ್ತಲಿನ ತ್ಸುಗಾರು ಸೀಮೆಯ ರೈತರು ಹತ್ತಿಬಟ್ಟೆ ತೊಡುವಂತಿರಲಿಲ್ಲ. ನಾರಿನ ಬಟ್ಟೆಯ ಸಂದಿಯಿಂದ ಚಳಿಗಾಳಿ ನುಗ್ಗುತ್ತಿತ್ತು. ಹೆಣ್ಣುಮಕ್ಕಳು ಆ ಸಂದಿಗಳನ್ನೇ ದಾರದಿಂದ ತುಂಬುತ್ತ ಹೋದರು, ಅದೇ ಚಿತ್ತಾರವಾಯಿತು. ನೀಲಿಯ ಮೇಲೆ ಬಿಳಿ ದಾರ, ಎಳೆಗಳ ಎಣಿಕೆ ಯಾವಾಗಲೂ ಬೆಸ. ನಮ್ಮ ಕಸೂತಿಯ ನೇಯ್ಗಿ ಹೊಲಿಗೆ ಬಲ್ಲವರಿಗೆ ಅದು ದೂರದ್ದಲ್ಲ. ಚಿತ್ತಾರಗಳಿಗೆ ನಾವು ತೇರು, ಗೋಪುರ, ತುಳಸಿಕಟ್ಟಿ ಅನ್ನುತ್ತೇವೆ, ಅವರು ಅವರೆಕಾಳಿನಂಥ ಕಾಳು, ಬೆಕ್ಕಿನ ಕಣ್ಣು ಅನ್ನುತ್ತಾರೆ. ನಾನು ಮೀನು ತಿನ್ನುವುದಿಲ್ಲವೆಂದು ಸಾರಿಗೆ ಒಣಮೀನಿನ ಬದಲು ಕಡಲಪಾಚಿ ಹಾಕುತ್ತಿದ್ದರು. ನಾನು ರೊಟ್ಟಿ ಬಡಿಯುವ ಸದ್ದು ಕೇಳಿದರೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಫೋನ್ ಬಂದಾಗ ಇಲ್ಲಿ ರಾತ್ರಿ ಹತ್ತೂವರೆ, ಅಲ್ಲಿ ಎರಡು ಗಂಟೆ. ಹಿಮ ಸುರಿಯುತ್ತಲೇ ಇತ್ತು. ನಾನು ಅತ್ತದ್ದು ಗೋಡೆಯಾಚೆ ಕೇಳಿರಬೇಕು, ಒಬಾಚಾನ್ ಬಾಗಿಲು ಸರಿಸಿ ಬಂದರು. ಏನೂ ಕೇಳಲಿಲ್ಲ. ಸೀಮೆಎಣ್ಣೆ ಒಲೆ ಹಚ್ಚಿದರು. ತಮ್ಮ ಹಿರಿಯರ ಪೂಜೆಯ ಗೂಡಿನ ಮುಂದೆ ನನ್ನ ಫೋನಿನಲ್ಲಿದ್ದ ಅವ್ವನ ಫೋಟೋ ಇಟ್ಟು, ಊದಿನಕಡ್ಡಿ ಹಚ್ಚಿ, ಪುಟ್ಟ ಗಂಟೆ ಬಾರಿಸಿದರು. ಅಲ್ಲಿ ತೀರಿಹೋದವರಿಗೆ ಅನ್ನ ಇಡುತ್ತಾರೆ. ಅವರು ನನ್ನ ಡಬ್ಬಿಯಿಂದ ಒಂದು ಖಡಕ್ ರೊಟ್ಟಿ ತಂದಿಟ್ಟರು.

ಅವ್ವನ ಮಣ್ಣಿಗೆ ನಾನಿರಲಿಲ್ಲ. ಒಂದು ಹಿಡಿ ಮಣ್ಣು ನನ್ನ ಕೈಯಿಂದ ಬೀಳಲಿಲ್ಲ. ನನ್ನನ್ನು ಅಷ್ಟು ದೂರ ಎಳೆದೊಯ್ದ ಈ ವಿದ್ಯೆಯೇ ಬೇಡವೆನ್ನಿಸಿ ಬಟ್ಟೆಗೆ ಕತ್ತರಿ ಹಿಡಿದಿದ್ದೆ. ಒಬಾಚಾನ್ ಕತ್ತರಿ ಕಸಿದುಕೊಳ್ಳಲಿಲ್ಲ. ಬಟ್ಟೆಯ ಇನ್ನೊಂದು ತುದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿಯತೊಡಗಿದರು, ಬಾಯಿಬಿಟ್ಟು ಎಣಿಸುತ್ತ: ಇಚಿ, ಸಾನ್, ಗೋ, ನಾನಾ. ಬಹಳ ಹೊತ್ತಿನ ಮೇಲೆ ನಾನೂ ಸೂಜಿ ಹಿಡಿದೆ. ಒಂದು, ಮೂರು, ಐದು, ಏಳು. ಅವ್ವ ನನಗೆ ಕಲಿಸಿದ್ದೂ ಹೀಗೇ, ಚಂದ್ರಕಾಳಿ ಸೀರೆಯ ಸೆರಗು ಹಿಡಿದು, "ಎಳಿ ತಪ್ಪಿದ್ರ ತೇರು ಸೊಟ್ಟ ಆಕ್ಕೈತಿ ನೋಡವ್ವ" ಅನ್ನುತ್ತ. ಬೆಳಗ್ಗೆ ಹಿಮ ಬಳಿಯುವ ಗಾಡಿಯ ಸದ್ದು ಕೇಳುವವರೆಗೆ ಅವರು ಎದ್ದು ಹೋಗಲಿಲ್ಲ.

ಒಬಾಚಾನ್‌ಗೆ ಕನ್ನಡ ಓದಲು ಬರುವುದಿಲ್ಲ. ಇದನ್ನು ಗೆಳತಿಯೊಬ್ಬಳಿಂದ ಅವರ ಭಾಷೆಗೆ ಹಾಕಿಸಿ ಪೇಡೆಯ ಡಬ್ಬಿಯೊಂದಿಗೆ ಕಳಿಸುತ್ತಿದ್ದೇನೆ, ಜೊತೆಗೆ ಅವ್ವನ ಒಂದು ಸೂಜಿ.

ಬಟ್ಟೆ ಮದಿಹಾಳದ ಮನೆಯಲ್ಲಿದೆ. ನೀವು ಯಾವಾಗಲಾದರೂ ಬನ್ನಿ, ಸಂಜೆಯ ಹೊತ್ತು ನಾನು ಇರುತ್ತೇನೆ. ಬಂದವರು ಅದನ್ನು ತಿರುವಿ ಹಿಂಬದಿಯನ್ನೂ ನೋಡಿ.