ಮಕ್ಕಳ ಗ್ರಾಮಸಭೆಯ ಪುಸ್ತಕದಲ್ಲಿ ಗುಡ್ಡ ಇಲ್ಲ

ಉತ್ತರ ಕನ್ನಡ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ಅಂಕೋಲಾ ಕಡೆಯ ಒಬ್ಬ ತಾಯಿ. ನನ್ನ ಮಗಳು ಐದನೇ ಕ್ಲಾಸು. ಮಳೆಗಾಲದಲ್ಲಿ ರಾತ್ರಿ ಮಲಗುವ ಮೊದಲು ಪಾಟಿಚೀಲವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಬಾಗಿಲ ಬಳಿ ಇಡುತ್ತಾಳೆ. ಪಕ್ಕದಲ್ಲಿ ಚಪ್ಪಲಿ. 'ಓಡುವಾಗ ಹುಡುಕೋದು ಬೇಡ ಅಲ್ವಾ, ಆಯಿ' ಅನ್ನುತ್ತಾಳೆ. ನಾವು ಹೇಳಿಕೊಟ್ಟದ್ದಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದು, ಹೆದ್ದಾರಿ ದಾಟಿ ಗಂಗಾವಳಿ ಹೊಳೆಗೆ ಬಿತ್ತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಅಂದಿನಿಂದ ಶುರುವಾದ ರೂಢಿ ಇದು.

ಮಕ್ಕಳ ಮಾತು ಕೇಳಲು ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಕಳೆದ ಸಲ ಅವಳು ಎದ್ದು ನಿಂತು ಕೇಳಿದಳು: 'ನಮ್ಮ ಶಾಲೆ ಹಿಂದಿನ ಗುಡ್ಡ ನೋಡಲಿಕ್ಕೆ ಯಾರು ಬರ್ತಾರೆ?' ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಾನು ನಡಾವಳಿ ಪುಸ್ತಕ ನೋಡಿದೆ. ಶೌಚಾಲಯದ ಬಾಗಿಲು, ಕಾಂಪೌಂಡು, ಆಟದ ಸಾಮಾನು ಇದೆ. ಅವೂ ಬೇಕು, ಖಂಡಿತ. ಆದರೆ ಗುಡ್ಡ ಇಲ್ಲ.

2009ರಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತಾಗ ನನಗೆ ಮದುವೆಯೂ ಆಗಿರಲಿಲ್ಲ. ಎಲ್ಲೋ ಅಪರೂಪಕ್ಕೆ ಆಗುವಂಥದ್ದು ಅಂದುಕೊಂಡಿದ್ದೆವು. ಮಗಳಿಗೆ ಹತ್ತು ತುಂಬುವ ಮೊದಲೇ ಕಳಚೆ, ಮುಟ್ಟಳ್ಳಿ, ಶಿರೂರಿನ ಗುಡ್ಡ ಕುಸಿತ ಎಲ್ಲ ಆಗಿಹೋಯಿತು. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ಒಮ್ಮೆಲೇ ಸುರಿಯುವ ಮಳೆ ಜಾಸ್ತಿಯಾಗುತ್ತಿದೆ. ಗುಡ್ಡದ ಬುಡ ಕಡಿದು ರಸ್ತೆ ಮಾಡಿಕೊಂಡವರು ದೊಡ್ಡವರಾದ ನಾವು. ಅದರ ಕೆಳಗೆ ಇನ್ನೂ ಅರವತ್ತು ವರ್ಷ ಬಾಳಬೇಕಾದವರು ಇವರು.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ. ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಅವರ ಮಾತಿಗೆ ಬೆಲೆ ಕೊಡಬೇಕು ಅನ್ನುತ್ತದೆ ಅದರ 12ನೇ ವಿಧಿ. ಹವಾಮಾನ ಬದಲಾವಣೆಯ ವಿಷಯಕ್ಕೂ ಇದು ಸಲ್ಲುತ್ತದೆ ಎಂದು 2023ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ ಬಿಡಿಸಿ ಹೇಳಿತು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದೂ ಹಕ್ಕು ಎಂದು 2024ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿತು.

ಮಕ್ಕಳ ಗ್ರಾಮಸಭೆಯ ಬಗ್ಗೆ ಪಂಚಾಯಿತಿಗಳಿಗೆ ಕಳಿಸುವ ಸುತ್ತೋಲೆಯಲ್ಲಿ ದಯವಿಟ್ಟು ಒಂದು ಮಾತು ಸೇರಿಸಿ. ಗುಡ್ಡ, ಹೊಳೆ, ಕಡಲಿನ ಬಗ್ಗೆ ಮಕ್ಕಳು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಮಳೆ ಹಿಡಿಯುವ ಮೊದಲು ಬರಹದಲ್ಲಿ ಉತ್ತರ ಕೊಡಲಿ. ಪಾವಿನಕುರ್ವೆಯ ಮಕ್ಕಳು ಕಡಲ ಕೊರೆತದ ಬಗ್ಗೆ ಕೇಳಬಹುದು, ನಮ್ಮವರು ಗುಡ್ಡದ ಬಗ್ಗೆ. 'ಇನ್ನೂ ಯಾರೂ ನೋಡಿಲ್ಲ' ಎಂಬ ಉತ್ತರ ಬಂದರೂ ಸರಿ. ಮುಂದೇನು ಕೇಳಬೇಕೆಂದು ಮಕ್ಕಳಿಗೆ ಗೊತ್ತಾಗುತ್ತದೆ.

ಸಾಧ್ಯವಾದರೆ ಮುಂದಿನ ಸಭೆಗೆ ನೀವೇ ಬನ್ನಿ. ಶಾಲೆಯ ಹಿಂದೆ ಗೇರು ಮರದ ಬುಡದಲ್ಲಿ ನೆಲ ಬಿರುಕು ಬಿಟ್ಟಿದೆ. ನನ್ನ ಮಗಳ ಅಂಗೈ ಒಳಗೆ ಹೋಗುತ್ತದೆ. ಅವಳೇ ಕರೆದುಕೊಂಡು ಹೋಗಿ ತೋರಿಸುತ್ತಾಳೆ.

ಇಂತಿ,
ಅಂಕೋಲಾ ತಾಲೂಕಿನ ಒಬ್ಬ ತಾಯಿ